ದೆವ್ವಕ್ಕೆ ಊಜಿ ಹೊಡೆದದ್ದು

ಲೋಕದ ದೆವ್ವಗಳೆಲ್ಲ ಕೆಲಸ ಮುಗಿಸಿ ಮರ ಸೇರುವ ಹೊತ್ತಿಗೆ, ಬೆಳಿಗ್ಗೆ ಏಳೂವರೆಗೆ ಸರಿಯಾಗಿ, ಪ್ರಭುಲಿಂಗನ ದೆವ್ವ ಹುಟ್ಟಿತು. ಹಾಲಿನಂಥ ಬಿಳಿ ದಾರದಲ್ಲಿ ಹೆಣೆದ ಮೈ, ಒಳಗೆ ಗಟ್ಟಿಯಾಗಿ ತುಂಬಿದ ಹತ್ತಿ, ಮುಖಕ್ಕೆ ಎರಡು ಕರಿ ಮಣಿಯ ಕಣ್ಣು. ಗಾತ್ರ ಒಂದು ಮುಷ್ಟಿ. ಪ್ರಭುಲಿಂಗ ಕ್ರೋಷಾ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ದೆವ್ವವನ್ನು ಕಿಟಕಿಯ ಬೆಳಕಿಗೆ ಹಿಡಿದು, ಚೊಚ್ಚಲ ಕೂಸನ್ನು ನೋಡುವ ಅಪ್ಪನಂತೆ ನೋಡಿದ.

ಅವನ ಆ ಹೆಮ್ಮೆಗೆ ಕಾರಣವಿತ್ತು. ರಾಮನಗರದಲ್ಲಿ ದಾರ, ಗುಂಡಿ, ಲೇಸು ಮಾರುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ಸೀರೆಗೆ ಕುಚ್ಚು ಹಾಕುವ ಹೆಂಗಸರು ಗಂಟು ಬಿದ್ದಾಗ ಓಡಿ ಬರುತ್ತಿದ್ದದ್ದು ಅವನ ಅಂಗಡಿಗೇ. ಎಂಥ ಸಿಕ್ಕನ್ನಾದರೂ ಬಿಡಿಸಬಲ್ಲವನು ತಾನು ಮಾತ್ರ ಕಳೆದ ವರ್ಷ ಒಂದು ಸಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ.

ಮಗಳು ಸಿರಿಯ ಇಂಗ್ಲಿಷ್ ಶಾಲೆಯಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಎಂಬ ಪರದೇಶದ ದೆವ್ವದ ಹಬ್ಬ ಮಾಡುತ್ತಾರೆ. ಅಲಂಕಾರಕ್ಕೆ ಅಪ್ಪ ಅಮ್ಮಂದಿರೇ ಕೈಯಾರೆ ಏನಾದರೂ ಮಾಡಿ ತರಬೇಕು, ಅದಕ್ಕೊಂದು ಸ್ಪರ್ಧೆ ಬೇರೆ. ಹೋದ ವರ್ಷದ ವಿಷಯ ಕುಂಬಳಕಾಯಿ. ಪ್ರಭುಲಿಂಗ ಹೆಣೆದ ಕುಂಬಳಕಾಯಿಯನ್ನು ತೀರ್ಪುಗಾರರು ಟೊಮೇಟೊ ಅಂದುಕೊಂಡು ಸಮಾಧಾನಕರ ಬಹುಮಾನವಾಗಿ ಒಂದು ಪೆನ್ಸಿಲ್ ಕೊಟ್ಟಿದ್ದರು. ಮೊದಲ ಬಹುಮಾನ ಹೋದದ್ದು ಸಿರಿಯ ಗೆಳತಿ ಮಹೀನ್‌ಳ ಅಪ್ಪ, ಚನ್ನಪಟ್ಟಣದ ಗೊಂಬೆ ಕೆಲಸಗಾರ ಮುಕ್ತಿಯಾರನಿಗೆ. ಈ ಸಲದ ವಿಷಯ ದೆವ್ವ.

ಸಿರಿ ಶಾಲೆಗೆ ಹೊರಡುವಾಗಲೇ ಎಚ್ಚರಿಸಿದ್ದಳು: "ಅಪ್ಪಾ, ಈ ಸಲ ಏನು ಅಂತ ನಾನು ಹೇಳೋ ಹಂಗಿರಬಾರ್ದು. ನೋಡಿದೋರೇ ಹೇಳ್ಬೇಕು."

"ನೋಡಿದೋರು ಹೇಳೋದಲ್ಲ ಕಣವ್ವ, ಕಿರ್‌ಚ್ಕೋತಾರೆ!" ಎಂದಿದ್ದ ಪ್ರಭುಲಿಂಗ.

ಮೊದಲು ನೋಡಿದವರು ಪಕ್ಕದ ಮನೆಯ ಶಿವಲಿಂಗಮ್ಮ. ಅಂಗಳಕ್ಕೆ ನೀರು ಹಾಕುತ್ತಿದ್ದವರು ಚೊಂಬು ಕೆಳಗಿಟ್ಟು, ಕಣ್ಣರಳಿಸಿ ಬಂದರು. ಪ್ರಭುಲಿಂಗ ದೆವ್ವವನ್ನು ಇನ್ನಷ್ಟು ಮುಂದಕ್ಕೆ ಚಾಚಿದ. ಈಗ ಕಿರುಚುತ್ತಾರೆ, ಈಗ ಕಿರುಚುತ್ತಾರೆ...

"ಆಹಾ! ಎಂಥಾ ಗೂಡಪ್ಪ ಇದು! ಬಿಳೀ ಗೂಡು!" ಎಂದರು ಶಿವಲಿಂಗಮ್ಮ. ಆಮೇಲೆ ಎರಡು ಕರಿ ಮಣಿ ಕಂಡು ಲೊಚಗುಟ್ಟಿದರು. "ಆದ್ರೆ ಪಾಪ, ಊಜಿ ಹೊಡೆದ್ಬುಟ್ಟೈತಲ್ಲ ಕಣ್ಲಾ."

ತಪ್ಪು ಅವರದಲ್ಲ, ಊರಿನದು. ರೇಷ್ಮೆ ಸೀಮೆಯಲ್ಲಿ ಹುಟ್ಟಿದವರಿಗೆ ಬೆಳ್ಳಗೆ, ಮೊಟ್ಟೆಯಾಕಾರದಲ್ಲಿ, ನೂಲು ಸುತ್ತಿದ್ದು ಯಾವುದಿದ್ದರೂ ಅದು ರೇಷ್ಮೆ ಗೂಡೇ. ಅದರ ಮೇಲೆ ಕರೀ ಚುಕ್ಕೆ ಕಂಡರೆ ಅದು ಊಜಿ ನೊಣದ ಕೆಲಸವೇ. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಅದರ ಮರಿ ಗೂಡನ್ನು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಹೀಗಾಗಿ ಈ ಸೀಮೆಯ ಜನ ನಿಜವಾದ ದೆವ್ವಕ್ಕೆ ಹೆದರದಿದ್ದರೂ ಊಜಿಗೆ ಹೆದರುತ್ತಾರೆ.

"ದೆವ್ವ ಕಣಕ್ಕಾ ಇದು!"

"ಹೂಂ ಮತ್ತೆ, ಊಜಿಗಿಂತ ದೆವ್ವ ಬ್ಯಾರೆ ಬೇಕಾ?" ಎಂದು ಶಿವಲಿಂಗಮ್ಮ ಚೊಂಬು ಎತ್ತಿಕೊಂಡರು.

ಪ್ರಭುಲಿಂಗ ಹಲ್ಲು ಕಚ್ಚಿ ಸ್ಕೂಟರ್ ಒದ್ದ. ಅದು ಮೂರು ಸಲ ಕೆಮ್ಮಿ, ಗೊರಕೆ ಹೊಡೆದು ಮಲಗಿತು. ಹನ್ನೊಂದರೊಳಗೆ ಶಾಲೆಯಲ್ಲಿ ಹೆಸರು ಬರೆಸಬೇಕು. ಅಷ್ಟರಲ್ಲಿ ದೇವರು ಕಳಿಸಿದಂತೆ ಕೋಡಿಹಳ್ಳಿಯ ರೇಷ್ಮೆ ಬೆಳೆಗಾರ ನಟರಾಜು ತನ್ನ ಗೂಡ್ಸ್ ಆಟೋದಲ್ಲಿ ಬಂದ. ಹಿಂದೆ ಗೂಡಿನ ಚೀಲಗಳು, ಮುಖದ ತುಂಬ ನಗು. ಈ ಸಲ ಅವನ ಬೆಳೆ ಕೈಹತ್ತಿತ್ತು.

"ಹತ್ತು ಪ್ರಭಣ್ಣ, ಮಾರ್ಕೆಟ್‌ನಾಗೆ ಗೂಡು ಇಳಿಸ್ಬುಟ್ಟು ಸ್ಕೂಲ್ ತಾವ ಬುಡ್ತೀನಿ."

ಮುಂದೆ ಇಬ್ಬರೇ ಅಮುಕಿಕೊಂಡು ಕೂರುವಷ್ಟು ಜಾಗ. ದೆವ್ವ ನಜ್ಜುಗುಜ್ಜಾಗಬಾರದೆಂದು ಪ್ರಭುಲಿಂಗ ಅದನ್ನು ಬಾಯಿ ಸಡಿಲವಾಗಿದ್ದ ಒಂದು ಚೀಲದೊಳಗೆ, ಗೂಡುಗಳ ಮೆತ್ತೆಯ ಮೇಲೆ, ಹುಷಾರಾಗಿ ಮಲಗಿಸಿದ. ಮನುಷ್ಯ ಅತಿ ಹುಷಾರಾಗುವುದೇ ಕೆಡುವುದಕ್ಕೆ.

ಗೂಡಿನ ಮಾರುಕಟ್ಟೆಯಲ್ಲಿ ಪ್ರಭುಲಿಂಗ ಒಂದು ಲೋಟ ಟೀ ಕುಡಿದು ಬರುವಷ್ಟರಲ್ಲಿ ನಟರಾಜು ಚೀಲಗಳನ್ನೆಲ್ಲ ಹರಾಜಿನ ದೊಡ್ಡ ತಟ್ಟೆಗೆ ಸುರಿದುಬಿಟ್ಟಿದ್ದ. ನೂಲು ತೆಗೆಯುವ ರೀಲರ್ ಅಸ್ಗರ್ ಗೂಡಿನ ರಾಶಿಗೆ ಕೈ ಹಾಕಿದ. ಕೈ ಹೊರಬಂದಾಗ ಅದರಲ್ಲಿ ದೆವ್ವವಿತ್ತು.

"ಅರೆರೆ! ಯೇ ಕ್ಯಾ ಜೀ ನಟರಾಜಣ್ಣ? ನಮ್ ತಾತನ ಕಾಲದಿಂದ ಇಷ್ಟ್ ದೊಡ್ ಗೂಡು ನೋಡಿಲ್ಲ. ಎಲ್ಡು ಊಜಿ ತೂತು ಬ್ಯಾರೆ!"

ಊಜಿ ಎಂಬ ಮಾತು ಮಾರುಕಟ್ಟೆಯಲ್ಲಿ ಬೆಂಕಿ ಎಂಬ ಮಾತಿನ ಹಾಗೆ. ಪಕ್ಕದ ತಟ್ಟೆಯವರು ತಮ್ಮ ಗೂಡನ್ನು ಆಚೆಗೆ ಎಳೆದುಕೊಂಡರು. ಮೊಬೈಲಿನಲ್ಲೇ ಹರಾಜು ಕೂಗಬೇಕಿದ್ದ ರೀಲರುಗಳು ಅದನ್ನು ಜೇಬಿಗೆ ಇಳಿಸಿದರು. ನಟರಾಜುವಿನ ಮುಖ ಅವನ ಗೂಡಿಗಿಂತ ಬೆಳ್ಳಗಾಯಿತು.

ಪ್ರಭುಲಿಂಗ ಗುಂಪು ಸೀಳಿಕೊಂಡು ನುಗ್ಗಿದ. "ಗೂಡಲ್ಲ ಕಣ್ರಪ್ಪಾ ಅದು! ದೆವ್ವ, ದೆವ್ವ!"

ಅಲ್ಲಿಯವರೆಗೆ ಒಂದು ಹೆಜ್ಜೆ ಹಿಂದೆ ಸರಿದಿದ್ದವರು ಈಗ ನಾಲ್ಕು ಹೆಜ್ಜೆ ಸರಿದರು.

"ಈ ಗೂಡಿನ ಲಾಟಿಗೆ ದೆವ್ವ ಮೆಟ್ಕೊಂಡೈತಂತೆ!" ಎಂದು ಯಾರೋ ಹಿಂದಿನವರಿಗೆ ದಾಟಿಸಿದರು. "ಅದ್ಕೇ ಅಷ್ಟ್ ದಪ್ಪ ಆಗೈತೆ" ಎಂದು ಇನ್ನೊಬ್ಬರು ಕಾರಣ ಕೊಟ್ಟರು.

ನಟರಾಜು ಪ್ರಭುಲಿಂಗನ ತೋಳು ಹಿಡಿದು ಅಳುವ ದನಿಯಲ್ಲಿ ಪಿಸುಗುಟ್ಟಿದ. "ಅಣ್ಣಾ, ನಿನ್ ದಮ್ಮಯ್ಯ, ದೆವ್ವ ಅನ್ಬ್ಯಾಡ. ತಿಂಗಳು ಪೂರಾ ಹುಳಕ್ಕೆ ಸೊಪ್ಪು ಹೊತ್ತಿವ್ನಿ, ಹೆಂಡ್ರು ಮಕ್ಕಳು ನಿದ್ದೆಗೆಟ್ಟವ್ರೆ. ಗೂಡು ಅಂದ್ಬುಡು. ಒಳ್ಳೇ ಗೂಡು ಅನ್ನು."

ಪ್ರಭುಲಿಂಗ ದೆವ್ವವನ್ನು ನೋಡಿದ. ದೆವ್ವ ಎರಡು ಕಣ್ಣು ಬಿಟ್ಟುಕೊಂಡು ಅವನನ್ನು ನೋಡಿತು. ಎದೆ ಕಲ್ಲು ಮಾಡಿಕೊಂಡು ಅವನು ಅದರ ಕಣ್ಣು ಎರಡನ್ನೂ ಪಟಪಟನೆ ಕಿತ್ತ. ಒಂದು ಮಣಿ ತಟ್ಟೆಯ ಅಡಿಗೆ ಉರುಳಿತು, ಇನ್ನೊಂದು ಗೂಡಿನ ರಾಶಿಯಲ್ಲಿ ಮುಳುಗಿತು.

"ನೋಡ್ರಪ್ಪಾ, ಊಜಿ ಇಲ್ಲ, ದೆವ್ವನೂ ಇಲ್ಲ. ಇದು ನಾನೇ ಕ್ರೋಷಾದಲ್ಲಿ ಹಾಕಿರೋ ಗೂಡು. ಶೋಕಿಗೆ!"

ಅಸ್ಗರ್ ಅದನ್ನು ಇಸಿದುಕೊಂಡು ಅಮುಕಿ ನೋಡಿದ, ಕಿವಿಯ ಹತ್ತಿರ ಅಲುಗಾಡಿಸಿದ, ಬೆಳಕಿಗೆ ಹಿಡಿದ. ಆಮೇಲೆ ತೀರ್ಪು ಕೊಟ್ಟ. "ಕ್ಯಾ ಬಾತ್ ಹೈ! ಒಂದ್ ಎಳೆ ಲೂಸ್ ಇಲ್ಲ ಸಾಮಿ. ಹುಳ ನಿಮ್ ತಾವ ಟ್ರೈನಿಂಗ್ ತಗೋಬೇಕು!"

ಜನ ನಕ್ಕರು, ಹತ್ತಿರ ಬಂದರು. ಗೂಡು ಕೈಯಿಂದ ಕೈಗೆ ಹೋಯಿತು. "ಎಂಥಾ ಗೂಡು!" "ಇಂಥ ಬೆಳೆ ಬಂದ್ರೆ ಬೇಸಾಯಗಾರ ಬದಿಕ್ಕೊಂಡ!" ಇಬ್ಬರು ಅದರ ಜೊತೆ ಫೋಟೊ ತೆಗೆಸಿಕೊಂಡರು. ಅತ್ತ ನಟರಾಜುವಿನ ಲಾಟಿಗೆ ಕೂಗು ಶುರುವಾಯಿತು, ಇತ್ತ ಪ್ರಭುಲಿಂಗನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಗುಂಡಿಯ ವ್ಯಾಪಾರಿಗೆ ಅದರ ಚಿಂತೆಯಿರಲಿಲ್ಲ. ಹುಟ್ಟಿದಾರಭ್ಯ ಅವನ ಕೆಲಸವನ್ನು ಇಷ್ಟು ಜನ ಒಟ್ಟಿಗೆ ಹೊಗಳಿರಲಿಲ್ಲ.

ನಟರಾಜು ಹರಾಜು ಬಿಟ್ಟು ಬರುವ ಹಾಗಿರಲಿಲ್ಲ. ಪ್ರಭುಲಿಂಗ ಆಟೋ ಹಿಡಿದು ಶಾಲೆ ಮುಟ್ಟಿದಾಗ ಹನ್ನೊಂದಕ್ಕೆ ಎರಡೇ ನಿಮಿಷ. ಮೇಜಿನ ಮೇಲೆ ಚೀಟಿ ಇತ್ತು: 'ನೀವು ತಂದಿರುವುದು ಏನು?'

ಪೆನ್ನು ಹಿಡಿದವನು ಯೋಚಿಸಿದ. ಕಣ್ಣಿಲ್ಲ. ಕಣ್ಣಿದ್ದಾಗಲೇ ಯಾರೂ ದೆವ್ವ ಅನ್ನಲಿಲ್ಲ. ನೋಡಿದವರೇ ಹೇಳಬೇಕು ಎಂದಿದ್ದಾಳೆ ಮಗಳು. ನೋಡಿದವರು ಇಡೀ ಮಾರುಕಟ್ಟೆ, ಹೇಳಿದ್ದು ಒಂದೇ ಮಾತು. ಪ್ರಭುಲಿಂಗ ದುಂಡಗೆ ಬರೆದ: 'ರೇಷ್ಮೆ ಗೂಡು. ಊಜಿ ಇಲ್ಲದ್ದು.'

ಸಾಲಿನ ಕೊನೆಯಲ್ಲಿ ನಿಂತಿದ್ದ ಸಿರಿ ಓಡಿ ಬಂದು ಚೀಟಿ ಓದಿ ಮುಖ ಸಣ್ಣ ಮಾಡಿದಳು. "ಅಪ್ಪಾ, ದೆವ್ವ ಅಲ್ವಾ?"

"ಜನ ಹೇಳಿದ್ದೇ ಸರಿ ಮಗಳೇ" ಎಂದ ಪ್ರಭುಲಿಂಗ, ಜ್ಞಾನಿಯಂತೆ.

ಈ ಸಲದ ತೀರ್ಪುಗಾರರು ಧಾರವಾಡದಿಂದ ಮಗಳ ಮನೆಗೆ ಬಂದಿದ್ದ ನಿವೃತ್ತ ಚಿತ್ರಕಲಾ ಶಿಕ್ಷಕಿ. ಅವರು ರೇಷ್ಮೆ ಸೀರೆ ಬೇಕಾದಷ್ಟು ಉಟ್ಟಿದ್ದರು, ರೇಷ್ಮೆ ಗೂಡನ್ನು ಜನ್ಮದಲ್ಲಿ ನೋಡಿರಲಿಲ್ಲ. ಸಾಲಾಗಿ ನೋಡುತ್ತ ಬಂದವರು ಪ್ರಭುಲಿಂಗನ ಮೇಜಿನ ಮುಂದೆ ಗಕ್ಕನೆ ನಿಂತು ಎದೆ ಹಿಡಿದುಕೊಂಡರು.

"ಯವ್ವಾ! ಎಂಥಾ ದೆವ್ವ ಐತ್ರೀ ಇದು! ಕಣ್ಣಿಲ್ಲ, ಬಾಯಿಲ್ಲ, ಆದ್ರೂ ನನ್ನನ್ನ ನೋಡಾಕತ್ತೈತಿ! ಎದಿ ಝಲ್ ಅಂತು ನೋಡ್ರಿ. ದೆವ್ವ ಅಂದ್ರ ಇದು! ಫಸ್ಟ್ ಪ್ರೈಜ್ ಇದಕ್ಕ."

ಪ್ರಭುಲಿಂಗನ ಕಿವಿಯಲ್ಲಿ ಓಲಗ ಊದಿದ ಹಾಗಾಯಿತು. ಅಷ್ಟರಲ್ಲಿ ಮೇಡಂ ಕನ್ನಡಕ ಏರಿಸಿ ಚೀಟಿ ಓದಿದರು.

"ಗೂಡು? ಅಯ್ಯ, ಇದು ಗೂಡೇನ್ರೀ? ದೆವ್ವದ ಸ್ಪರ್ಧಾದಾಗ ಗೂಡು ಹೆಂಗ ಬರ್ತೈತ್ರಿ?"

"ದೆವ್ವನೇ ಮೇಡಂ! ದೇವರಾಣೆ ದೆವ್ವನೇ!"

"ನೀವ ನಿಮ್ಮ ಕೈಯಾರೆ ಬರದೀರಲ್ರೀ?"

"ಕಣ್ಣಿತ್ತು ಮೇಡಂ, ನಾನೇ ಕಿತ್ತೆ! ಬೆಳಿಗ್ಗೆ ಮಾರ್ಕೆಟ್ಟಲ್ಲಿ..."

ಆಗ ಬಾಗಿಲಲ್ಲಿ ಏದುಸಿರು ಬಿಡುತ್ತ ನಟರಾಜು ಕಾಣಿಸಿದ. ಲಾಟು ಹೋಗಿತ್ತು, ಅದೂ ಒಳ್ಳೆಯ ಕೂಗಿಗೆ. ಅಂಗೈಯಲ್ಲಿ ಎರಡು ಕರಿ ಮಣಿ. ಋಣ ತೀರಿಸಲು ಓಡಿ ಬಂದಿದ್ದ.

"ಇವ್ರನ್ನೇ ಕೇಳಿ ಮೇಡಂ!" ಪ್ರಭುಲಿಂಗ ಕುಣಿದಾಡಿದ. "ಇವ್ರ ಕಣ್ಣೆದುರೇ ನಡೆದದ್ದು. ಹೇಳೋ ನಟರಾಜು, ಇದೇನು ಅಂತ ಇದ್ದದ್ದು ಇದ್ದಂಗೆ ಹೇಳು!"

ನಟರಾಜು ಕನ್ನಡಕದ ಮೇಡಮ್ಮನ್ನು ನೋಡಿದ, ಅವರ ಕೈಯಲ್ಲಿದ್ದ ಪೆನ್ನು ನೋಡಿದ, ಚೀಟಿ ನೋಡಿದ. ಮಾರುಕಟ್ಟೆಯ ವಿಚಾರಣೆ ಇಲ್ಲಿಯವರೆಗೂ ಬಂದಿದೆ ಎಂದು ಅವನಿಗೆ ಖಾತ್ರಿಯಾಯಿತು. ಮಣಿ ಹಿಡಿದ ಕೈಯನ್ನು ಮೆಲ್ಲನೆ ಜೇಬಿಗೆ ಇಳಿಸಿದ. ತನ್ನ ಮಾನ ಉಳಿಸಿದ ಅಣ್ಣನನ್ನು ಈಗ ಕೈಬಿಟ್ಟರೆ ನರಕವೇ ಗತಿ.

"ಗೂಡು ಮೇಡಂ!" ಎಂದ, ಗೋಡೆಯ ಮೇಲಿನ ಕಾಗದದ ಬಾವಲಿ ಅಲುಗಾಡುವಂತೆ. "ಅಪ್ಪಟ ಗೂಡು! ಊಜಿ ಇಲ್ಲ, ದೆವ್ವ ಇಲ್ಲ, ಏನೂ ಇಲ್ಲ. ನನ್ ಮಕ್ಕಳಾಣೆ!" ಪ್ರಭುಲಿಂಗನತ್ತ ತಿರುಗಿ, ಹೆದರಬೇಡ ಎಂಬಂತೆ ಕಣ್ಣು ಮಿಟುಕಿಸಿದ.

ಮೊದಲ ಬಹುಮಾನ ಮುಕ್ತಿಯಾರನಿಗೆ ಹೋಯಿತು. ಪ್ರಭುಲಿಂಗನಿಗೆ ಪೆನ್ಸಿಲ್ ಬಂತು.

"ಬೇಜಾರ್ ಮಾಡ್ಕೋಬ್ಯಾಡಿ ಪ್ರಭಣ್ಣ" ಎಂದು ಮುಕ್ತಿಯಾರ್ ಬಂದು ಹೆಗಲು ತಟ್ಟಿದ. "ಗೂಡು ಅಂದ್ರೆ ಗೂಡು ನಿಮ್ದು. ನಮ್ದೂ ಒಸಿ ನೋಡಿ, ಹೆಂಗೈತೆ ಹೇಳಿ."

ಆಲೆ ಮರವನ್ನು ಲೇತಿನಲ್ಲಿ ತಿರುವಿ, ಬಿಳೀ ಅರಗು ಬಳಿದು, ಕನ್ನಡಿಯಂತೆ ಹೊಳಪು ಬರಿಸಿದ ದೆವ್ವ. ಎರಡು ಕರಿ ಕಣ್ಣು. ಸಿರಿಯೂ ಮಹೀನ್‌ಳೂ ಪ್ರಭುಲಿಂಗನ ಬಾಯನ್ನೇ ನೋಡುತ್ತ ನಿಂತರು. ಅವನು ಅದನ್ನು ಇಸಿದುಕೊಂಡ. ಅಮುಕಿ ನೋಡಿದ, ಕಿವಿಯ ಹತ್ತಿರ ಅಲುಗಾಡಿಸಿದ, ಬೆಳಕಿಗೆ ಹಿಡಿದ. ಕೊನೆಗೆ, ನಾಲ್ಕು ತಲೆಮಾರಿನಿಂದ ಹುಳ ಸಾಕಿದವನ ಗತ್ತಿನಲ್ಲಿ ತಲೆಯೆತ್ತಿ ಲೊಚಗುಟ್ಟಿದ.

"ಎಲ್ಲಾ ಚೆನ್ನಾಗೈತೆ ಮುಕ್ತಿಯಾರಣ್ಣ. ಆದ್ರೆ ಪಾಪ, ಊಜಿ ಹೊಡೆದ್ಬುಟ್ಟೈತಲ್ಲ!"