ಎಡಗಾಲಿಗೆ ಕಟ್ಟಿದ ಸೊಪ್ಪು

ಹೊಸ ಚಪ್ಪಲಿ ಕಚ್ಚಿದ್ದು ದರ್ಜಿ ಡಾಕಪ್ಪನಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವನ ಎರಡೂ ಪಾದಗಳು ಜೋಮು ಹಿಡಿದು ಮರದ ತುಂಡಿನಂತಾಗಿದ್ದವು. ಬಲಗಾಲಿನ ಹೆಬ್ಬೆರಳ ಗಾಯ ಮಾತ್ರ ಹಬ್ಬಕ್ಕೆ ಬಂದ ಬೀಗರಂತೆ ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ ಹೂಡಿತ್ತು.

"ಸಂಜೀಕ ಬರ್ರಿ, ಪಟ್ಟಿ ಬಿಚ್ಚಿ ನೋಡೋಣು. ಗಾಯ ಮಾಯಾಕತ್ತಿದ್ರ ಪಾಡಾತು. ಇಲ್ಲಂದ್ರ ಹಾವೇರಿಗೆ ಹೋಗಿ ಬೆರಳ ತಗಸೋದ. ಅಲ್ಲೀತನಕ ಗಾಯಕ್ಕ ಏನೂ ಹಚ್ಚಬ್ಯಾಡ್ರಿ," ಎಂದಿದ್ದರು ರಾಣೆಬೆನ್ನೂರಿನ ಡಾಕ್ಟರು.

ಬೆರಳು ಹೋದರೆ ಹೊಲಿಗೆ ಮಶೀನು ತುಳಿಯುವುದು ಹೇಗೆ? ಬ್ರಹ್ಮ ಬಂದರೂ ಇವತ್ತು ಪಟ್ಟಿ ಮುಟ್ಟಗೊಡುವುದಿಲ್ಲ ಎಂದು ಡಾಕಪ್ಪ ಶಪಥ ಮಾಡಿದ.

ಬ್ರಹ್ಮ ಬರಲಿಲ್ಲ. ಬೇವಿನ ಸೊಪ್ಪು ಅರೆದ ಬಟ್ಟಲು ಹಿಡಿದು ಪಕ್ಕದ ಮನೆಯ ಗೋದೂಬಾಯಿ ಬಂದರು.

"ಕಾಲ ಚಾಚು ಡಾಕಪ್ಪಾ. ಬ್ಯಾಡಗಿಯೊಳಗ ನಮ್ಮ ತಂಗಿ ಗಂಡಂದು ಇದರಿಂದನ ಒಣಗೇದ."

"ಅವರಿಗೂ ಸಕ್ಕರಿ ಐತೇನ್ರಿ?"

"ಅವಗ ಸೈಕಲ್ ಬಡದಿತ್ತು. ಗಾಯ ಅಂದಮ್ಯಾಲ ಗಾಯನ ಅಲ್ಲೇನು?"

ಡಾಕಪ್ಪ ಕಾಲನ್ನು ಮಶೀನಿನ ಅಡಿಗೆ ಎಳೆದುಕೊಂಡ. ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಮಾಲತೇಶಪ್ಪ ತಂಗಡಿ ಸೊಪ್ಪು ತಂದ. ಅಂಗಿಯ ಅಳತೆ ಕೊಡಲು ಬಂದ ಹಲಗೇರಿಯ ಗಿರಾಕಿ ಅಳತೆ ಮರೆತು, "ಅರಿಶಿಣ ಒತ್ತರಿ, ಅರಿಶಿಣ!" ಎಂದ. ಮೂವರೂ ಬಗ್ಗಿ ಮಶೀನಿನ ಅಡಿಗೆ ಕೈ ಹಾಕಿದಾಗ ಡಾಕಪ್ಪ ಕತ್ತರಿ ಎತ್ತಿದ.

"ಯಾರರ ಮುಟ್ಟಿದ್ರ, ಜುಟ್ಟು ಉಳಿಯಂಗಿಲ್ಲ ನೋಡ್ರಿ!"

ಆಮೇಲೆ ಬಲಗಾಲನ್ನು ಖಾಲಿ ಎಣ್ಣೆ ಡಬ್ಬಿಯೊಳಗಿಟ್ಟು ಕಾವಲು ಕೂತ.

ಮಧ್ಯಾಹ್ನ ಹೆಂಡತಿ ದೇವವ್ವ ಐರಣಿಯಿಂದ ತನ್ನ ಚಿಗವ್ವ ಹೊಳಿಯವ್ವನನ್ನೇ ಕರೆತಂದಳು. ಆ ಮುದುಕಿಯ ಸೆರಗಿನಲ್ಲಿ ಯಾವುದೋ ಸೊಪ್ಪಿನ ಗಂಟು.

"ಗಾಯ ಮುಟ್ಟಗೊಡಾಂಗಿಲ್ಲ ಅತ್ತೀ."

"ನಾ ಯಾಕ ಮುಟ್ಟಲೋ? ನಮ್ಮ ಪದ್ಧತಿ ಬ್ಯಾರೆ. ಬಲಗಾಲಿಗೆ ಬ್ಯಾನಿ ಇದ್ರ ಎಡಗಾಲಿಗೆ ಕಟ್ಟೋದು."

"ಯಾವ ಸೊಪ್ಪದು?"

"ಹೆಸರ ಹೇಳಿದ್ರ ಗುಣ ಹೋಗ್ತೈತಿ."

ಡಾಕಪ್ಪನಿಗೆ ನಗು ಬಂತು. ಗಾಯ ಮುಟ್ಟದ ಔಷಧ! ಡಾಕ್ಟರ ಮಾತೂ ಉಳಿಯಿತು, ಹೆಂಡತಿಯ ತವರಿನ ಮಾನವೂ ಉಳಿಯಿತು. ಖುಷಿಯಿಂದ ಎಡಗಾಲು ಚಾಚಿದ.

ಸಂಜೆ ದವಾಖಾನೆಯಲ್ಲಿ ಡಾಕ್ಟರು ಬಲಗಾಲಿನ ಪಟ್ಟಿ ಬಿಚ್ಚಿದರು. "ಭೇಷ್! ಹೊಸಾ ಚರ್ಮ ಬರಾಕತ್ತೈತಿ. ಬೆರಳ ಉಳೀತು."

ಅಷ್ಟು ಕೇಳಿದ್ದೇ ದೇವವ್ವ ಓಣಿಗೆ ಸುದ್ದಿ ಮುಟ್ಟಿಸಲು ಓಡಿದಳು.

"ಈ ಕಾಲಿಗೆ ಏನಿದು?" ಎಂದು ಡಾಕ್ಟರು ಎಡಗಾಲಿನ ಬಟ್ಟೆ ಬಿಚ್ಚಿದರು. ಹೆಬ್ಬೆರಳು ಸುಟ್ಟ ಬದನೆಕಾಯಿಯಂತೆ ಬೊಬ್ಬೆ ಎದ್ದು ಸುಲಿದಿತ್ತು. ಸೊಪ್ಪಿನ ಉರಿ ಆ ಜೋಮು ಕಾಲಿಗೆ ತಿಳಿದೇ ಇರಲಿಲ್ಲ.

"ಇನ್ನ ಇದನ್ನ ಉಳಿಸೋಣು," ಎಂದು ಡಾಕ್ಟರು ಹಣೆ ಒತ್ತಿಕೊಂಡರು.

ಡಾಕಪ್ಪ ಕುಂಟುತ್ತ ಓಣಿಗೆ ಬಂದರೆ ಅಂಗಡಿಯ ಮುಂದೆ ಜಾತ್ರೆಯಂಥ ಜನ. ಅವನ ಸ್ಟೂಲಿನ ಮೇಲೆ ಹೊಳಿಯವ್ವ ಕೂತಿದ್ದಳು. ಎದುರಿಗೆ ಎಲ್ಲರೂ ಕೈಕಾಲು ಚಾಚಿದ್ದರು. ಮೊದಲನೆಯವರು ಗೋದೂಬಾಯಿ.

"ಅತ್ತೀ, ನನ್ನ ಎಡಗಾಲ ಹೋತಲ್ಲಬೇ!" ಎಂದು ಕೂಗಿದ.

ಹೊಳಿಯವ್ವ ಬಗ್ಗಿ ಆ ಕಾಲನ್ನು ನೋಡಿದಳು. ಒಂದಿಷ್ಟೂ ಅಳುಕದೆ ಅಂಗೈಯಲ್ಲಿ ಸೊಪ್ಪು ತಿಕ್ಕತೊಡಗಿದಳು.

"ಅಷ್ಟಕ್ಕ ಯಾಕ ಒದರ್ತೀಯೋ ಅಳಿಯಾ? ಬಲಗಾಲ ಚಾಚು."