ಮುರಿಯದೆ ಉಳಿದ ಪ್ರೊಪೆಲ್ಲರ್

ನನ್ನ ಮನೆಯಲ್ಲಿ ಮಂಚದ ಮೇಲೆ ಮಲಗುವುದು ವಿಮಾನ, ನೆಲದ ಮೇಲೆ ಮಲಗುವುದು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮನೆಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು ಅದನ್ನೇ ಕೇಳುತ್ತಾರೆ. ಬರುವವರಾದರೂ ಎಷ್ಟು ಜನ? ಗ್ಯಾಸಿನವನು ಮತ್ತು ಕರೆಂಟಿನ ಮೀಟರ್ ಓದುವವನು. ಮನುಷ್ಯ ಹವ್ಯಾಸವೊಂದನ್ನು ಆರಿಸಿಕೊಳ್ಳುವಾಗ ಸ್ವಲ್ಪ ಹಿಂದೆಮುಂದೆ ನೋಡಬೇಕು. ಇಸ್ಪೀಟು ಆಡುವವನಿಗೆ ಇನ್ನು ಮೂವರು ಎಲ್ಲಿಯಾದರೂ ಸಿಗುತ್ತಾರೆ. ಭಜನೆಗೆ ಹೋಗುವವನಿಗೆ ತಾಳ ಹಾಕಲು ಇಡೀ ಓಣಿಯೇ ಇರುತ್ತದೆ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ತಾಲ್ಲೂಕು ಜಾಲಾಡಿದರೂ ರೇಡಿಯೊದಿಂದ ಹಾರಿಸುವ, ಏಳೂವರೆ ಅಡಿ ರೆಕ್ಕೆಯ ಯುದ್ಧವಿಮಾನ ಇಟ್ಟುಕೊಂಡವನು ನಾನೊಬ್ಬನೇ. ಹಳೆಯ ಮಹಾಯುದ್ಧದ ಕಾಲದ ವಿಮಾನದ ಐದರಲ್ಲೊಂದು ಅಳತೆಯ ನಕಲು ಅದು. ಮೂರು ವರ್ಷದ ರವಿವಾರಗಳನ್ನೆಲ್ಲ ಸುರಿದು ತೆಳುವಾದ ಹಲಗೆಗಳಿಂದ ನಾನೇ ಕಟ್ಟಿದ್ದೇನೆ. ಮದುವೆಯಾಗಲಿಲ್ಲ. ಆಗಬೇಕೆಂದು ಮನಸ್ಸು ಮಾಡುವ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರಿಗೆ ಜಾಗ ಉಳಿದಿರಲಿಲ್ಲ.

ಹೊಟ್ಟೆಪಾಡಿಗೆ ನಾನು ಕಾಗದ ಕಾರ್ಖಾನೆಯಲ್ಲಿ ಮಾಪಕಗಳನ್ನು ನೋಡಿಕೊಳ್ಳುತ್ತೇನೆ. ಒತ್ತಡ, ಉಷ್ಣತೆ ತೋರಿಸುವ ಮುಳ್ಳುಗಳು ಏನೂ ಇಲ್ಲದಾಗ ಸರಿಯಾಗಿ ಸೊನ್ನೆಯ ಮೇಲೆ ನಿಲ್ಲುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ್ದೇನೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ನನ್ನ ಮಾನ ಹೋಗುವುದು ಇಲ್ಲಿಯೇ.

ವಿಮಾನ ಹಾರಿಸುವುದನ್ನು ನೋಡಿದವರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಒಮ್ಮೆ ಗಣೇಶಗುಡಿಯ ಹತ್ತಿರ ಬಯಲೊಂದರಲ್ಲಿ ರೆಕ್ಕೆ ಜೋಡಿಸುತ್ತಿದ್ದಾಗ ಫಾರೆಸ್ಟ್ ಗಾರ್ಡ್ ಬಂದು, "ಇದರಾಗ ಕ್ಯಾಮೆರಾ ಐತೇನ್ರಿ?" ಎಂದ. ಇಲ್ಲವೆಂದೆ. "ಔಷಧ ಗಿವುಷಧ ಹೊಡೀತೈತೇನು?" ಅದೂ ಇಲ್ಲವೆಂದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿ, "ಮತ್ತ ಯಾಕ ಹಾರಸ್ತೀರಿ?" ಎಂದು ಕೇಳಿದ. ಕಾಡಿನಲ್ಲಿ ಹಾರಿಸಕೂಡದೆಂದು ಅವನು ವಾಪಸು ಕಳಿಸಿದ, ನಾನೂ ತಲೆ ತಗ್ಗಿಸಿಕೊಂಡು ಬಂದೆ. ಅವತ್ತಿನಿಂದ ನಮ್ಮ ವಿಮಾನ ನಿಲ್ದಾಣವೆಂದರೆ ಮುಂಡಗೋಡ ಕಡೆಯ ಚಿಗಳ್ಳಿಯಲ್ಲಿ ಭತ್ತ ಕೊಯ್ದಾದ ಮೇಲೆ ಬರಿದಾಗುವ ಒಂದು ದೊಡ್ಡ ಗದ್ದೆ.

'ನಮ್ಮ' ಎಂದೆನಲ್ಲ, ಆ ಪ್ರಶ್ನೆ ಕೇಳದ ಮನುಷ್ಯ ಒಬ್ಬರಿದ್ದರು. ಇಸ್ಮಾಯಿಲ್ ಮಿಸ್ತ್ರಿ. ದಾಂಡೇಲಿಯಲ್ಲಿ ಮರ ಕೊಯ್ಯುವ ಮಷಿನ್ನು, ಹುಲ್ಲು ಕತ್ತರಿಸುವ ಮಷಿನ್ನು, ಪಂಪ್‌ಸೆಟ್ಟು ರಿಪೇರಿ ಮಾಡುವ ಅಂಗಡಿ ಅವರದು. ನನ್ನ ವಿಮಾನದ ಪೆಟ್ರೋಲ್ ಎಂಜಿನ್ನು ದಮ್ಮು ಹತ್ತಿದವರಂತೆ ಕೆಮ್ಮತೊಡಗಿದಾಗ ಚೀಲದಲ್ಲಿ ಹಾಕಿಕೊಂಡು ಅವರ ಬಳಿ ಹೋಗಿದ್ದೆ. ಇದು ಯಾತಕ್ಕೆ ಎಂದೂ ಕೇಳಲಿಲ್ಲ. ಕಿವಿ ಹತ್ತಿರ ತಂದು ಕೇಳಿಸಿಕೊಂಡರು, ಏನೋ ಸಣ್ಣ ತಿರುಪು ತಿರುಗಿಸಿದರು, "ಈಗ ನೋಡ್ರಿ ಪಾಟೀಲ್ರ, ಹೆಂಗ ಹಾಡ್ತೈತಿ" ಎಂದರು. ಮುಂದಿನ ರವಿವಾರ ತಮ್ಮ ಹಳೆಯ ವ್ಯಾನ್ ತೆಗೆದುಕೊಂಡು ತಾವೇ ಬಂದರು. ಆರು ವರ್ಷ ಹಾಗೇ ಬಂದರು.

ಪ್ರೊಪೆಲ್ಲರ್ ಆರಿಸುವ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಸದಾ ಜಗಳ. ಅದರ ಮೇಲೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಉದ್ದ, ಇಪ್ಪತ್ತೆರಡು ಇಂಚು. ಎರಡನೆಯದು ಅದರ ತಿರುಚು. ಮರದೊಳಗೆ ಸ್ಕ್ರೂ ಹೋದಂತೆ ಗಾಳಿಯೊಳಗೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋದೀತು ಎಂಬ ಲೆಕ್ಕ. ಅದು ಎಂಟಿರಬಹುದು, ಹತ್ತಿರಬಹುದು. ನಾನು ಇದರ ಬಗ್ಗೆ ರಾತ್ರಿಯೆಲ್ಲ ಓದಿ ನಾಲ್ಕು ಹಾಳೆ ಗೀಚಿದ್ದನ್ನು ಮಿಸ್ತ್ರಿ ಒಂದೇ ಮಾತಿನಲ್ಲಿ ಮುಗಿಸಿದರು. "ಎಂಟರ ಪಂಖಾ ಅಂದ್ರ ಫಸ್ಟ್ ಗೇರ್. ಹತ್ತರದು ಸೆಕೆಂಡ್. ಅಣಶಿ ಘಾಟ್ ಇಳಿಯುವಾಗ ನೀವು ಯಾವುದರಾಗ ಇಳೀತೀರಿ?" ನಾನು ಫಸ್ಟ್‌ನಲ್ಲೇ ಇಳಿಯುವವನು, ಹಾಗಾಗಿ ಎಂಟರ ಪಕ್ಷ. ಇಳಿಯುವಾಗ ವೇಗ ಹಿಡಿದಿಡುತ್ತದೆ ಎಂದು. ಅವರು, "ಎಂಟು ಭಾಳ ಚೀರತೈತಿ, ಎಂಜಿನ್‌ಗೆ ತ್ರಾಸು. ಹತ್ತು ಹಾಕ್ರಿ. ಎಕ್ಸಿಲೇಟರ್ ಪೂರಾ ಬಿಟ್ರ ಅದೂ ನಿಧಾನ ಆಕ್ಕೈತಿ" ಎನ್ನುತ್ತಿದ್ದರು.

ಹಾರಿಸುವುದು ದೊಡ್ಡ ಮಾತಲ್ಲ, ಇಳಿಸುವುದೇ ಕಷ್ಟ. ಹನ್ನೊಂದು ಕಿಲೋ ತೂಕದ ಯುದ್ಧವಿಮಾನ ಗಾಳಿಪಟದಂತೆ ತೇಲಿ ಬರುವುದಿಲ್ಲ. ನಿಧಾನವಾದರೆ ಧೊಪ್ಪೆಂದು ಬೀಳುತ್ತದೆ, ಜೋರಾದರೆ ಗದ್ದೆ ಮುಗಿದರೂ ನಿಲ್ಲುವುದಿಲ್ಲ, ನಿಂತರೂ ಮೂಗು ನೆಲಕ್ಕೆ ಊರಿ ಪ್ರೊಪೆಲ್ಲರ್ ಮುರಿಯುತ್ತದೆ. ಅದು ನೇರ ನನ್ನ ಕಡೆಗೇ ಬರುವಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ನನ್ನ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೆ ಮಿಸ್ತ್ರಿ ಗದ್ದೆಯ ಉದ್ದದ ನಡುಮಧ್ಯದಲ್ಲಿ, ನನ್ನ ಎಡಬದಿಗೆ ನಿಂತು, ಬಾವಿಯ ನೀರು ಅಳೆಯುವವರ ಹಾಗೆ ಕೂಗುತ್ತಿದ್ದರು. "ತಲಿಮಟ್ಟ... ಎದಿಮಟ್ಟ... ಮೊಣಕಾಲಮಟ್ಟ... ಬಿಡ್ರಿ!" ಆ 'ಬಿಡ್ರಿ' ಕೇಳಿದಾಗ ನಾನು ಕೈಯಲ್ಲಿನ ರೇಡಿಯೊ ಪೆಟ್ಟಿಗೆಯ ಎಕ್ಸಿಲೇಟರ್ ಸನ್ನೆಗೋಲನ್ನು ಪೂರ್ತಿ ಹಿಂದಕ್ಕೆಳೆದು ಬಿಡುತ್ತಿದ್ದೆ. ಹತ್ತರಲ್ಲಿ ಏಳು ಸಲ ಚೆನ್ನಾಗಿ ಇಳಿಯುತ್ತಿತ್ತು.

ಉಳಿದ ಮೂರು ಸಲಕ್ಕೆ ನಮ್ಮಲ್ಲೊಂದು ರಿವಾಜು ಇತ್ತು. ಮರುದಿನ ಡ್ಯೂಟಿ ಮುಗಿಸಿ ನಾನು ಮುರಿದ ಪ್ರೊಪೆಲ್ಲರ್ ಹಿಡಿದು ಅವರ ಅಂಗಡಿಗೆ ಹೋಗಬೇಕು, ಚಹಾ ಹೇಳಬೇಕು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮರಣೋತ್ತರ ಪರೀಕ್ಷೆ ಮಾಡುತ್ತಿದ್ದರು. ಎರಡೂ ತುದಿ ಹೋಗಿದ್ದರೆ ಎಂಜಿನ್ ಓಡುತ್ತಿತ್ತು, ಒಂದೇ ತುದಿ ಹೋಗಿದ್ದರೆ ಎಂಜಿನ್ ಮೊದಲೇ ನಿಂತಿತ್ತು, ಮಣ್ಣು ಎಷ್ಟು ಹತ್ತಿದೆ ಎನ್ನುವುದರ ಮೇಲೆ ಮೂಗು ಎಷ್ಟು ಕೆಳಗಿತ್ತು. ಆಮೇಲೆ ಮೊಳೆ ಹೊಡೆದು ಗೋಡೆಗೆ ನೇತುಹಾಕುತ್ತಿದ್ದರು. ಹನ್ನೊಂದು ನೇತಾಡುತ್ತಿದ್ದವು. ಗಿರಾಕಿಗಳು ಅದನ್ನು ಅಂಗಡಿಯ ಅಲಂಕಾರ ಎಂದುಕೊಂಡಿದ್ದರು. ನನಗೆ ಆ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವ ಆ ಅರ್ಧ ಗಂಟೆ ಎಷ್ಟು ಇಷ್ಟವೆಂದರೆ, ಚೆನ್ನಾಗಿ ಇಳಿಸಿದ ರವಿವಾರಗಳ ಮರುದಿನ ಒಂದು ಥರ ಬೇಸರವಾಗುತ್ತಿತ್ತು.

ಹೋದ ಸುಗ್ಗಿಯಲ್ಲಿ ಜಗಳವಾಯಿತು. ಅದಕ್ಕೂ ಮುಂಚಿನ ವಾರ ಇಳಿಯುವಾಗ ಎಂಜಿನ್ ನಿಂತು ವಿಮಾನ ಕೆಸರಿಗೆ ಬಿದ್ದಿತ್ತು. ನನ್ನ ಬಳಿಯಿದ್ದ ಕೊನೆಯ ಎಂಟರ ಪ್ರೊಪೆಲ್ಲರೂ ಮುರಿಯಿತು. ಮಿಸ್ತ್ರಿ ಆರಿಸಿಕೊಟ್ಟ ಹತ್ತರದನ್ನೇ ಹಾಕಿಕೊಂಡು ಹೋದೆವು. ಇಳಿಸುವಾಗ ಎಷ್ಟು ಕಡಿಮೆ ಮಾಡಿದರೂ ಆ ವಿಮಾನ ನಿಧಾನವಾಗಲೇ ಇಲ್ಲ. "ಎದಿಮಟ್ಟ... ಎದಿಮಟ್ಟ... ಅರೆ, ಎದಿಮಟ್ಟನ ಐತಿ!" ಎಂದು ಅವರು ಕೂಗುತ್ತಿದ್ದಂತೆ ಗದ್ದೆಯ ಈ ತುದಿಯಿಂದ ಆ ತುದಿಗೆ ಹೋಗಿ ಹುಲ್ಲಿನ ಬಣವೆಯೊಳಗೆ ಬಾಲದವರೆಗೆ ಹೊಕ್ಕಿತು. ರೆಕ್ಕೆ ಸೀಳಿತು. ಮೂರು ವರ್ಷದ ಕೆಲಸ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮರ ಕೊಯ್ಯೂ ಮಷಿನ್ ರಿಪೇರಿ ಮಾಡೂ ಕೈಗೆ ವಿಮಾನದ್ದೇನ ತಿಳೀತೈತ್ರಿ, ಮಿಸ್ತ್ರಿ?" ಎಂದುಬಿಟ್ಟೆ.

"ಖರೇ ಐತಿ," ಎಂದರು ಅವರು. ಅಷ್ಟೇ. ಚಿಗಳ್ಳಿಯಿಂದ ದಾಂಡೇಲಿಯವರೆಗೆ ವ್ಯಾನ್ ಓಡಿಸಿದರು. ಮನೆಗೆ ಬಂದ ಮೇಲೆ ಸೀಳಿದ ರೆಕ್ಕೆಯನ್ನು ನನ್ನ ಜೊತೆ ಎತ್ತಿ ಮಂಚದ ಮೇಲಿಟ್ಟು, ಮೇಲೆ ಕಂಬಳಿ ಹೊದಿಸಿ ಹೋದರು. ಮತ್ತೆ ಬರಲಿಲ್ಲ.

ನಾನೇ ಹೋಗಬಹುದಿತ್ತು. ಆದರೆ ಬಣವೆ ಮೆತ್ತಗಿದ್ದುದರಿಂದ ಆ ದರಿದ್ರ ಪ್ರೊಪೆಲ್ಲರ್ ಮಾತ್ರ ಮುರಿದಿರಲಿಲ್ಲ. ನಾಲ್ಕು ಎಳೆ ಹುಲ್ಲು ಸುತ್ತಿಕೊಂಡು ಅಖಂಡವಾಗಿತ್ತು. ಮುರಿದಿದ್ದರೆ ರಿವಾಜಿನ ಪ್ರಕಾರ ಮರುದಿನವೇ ಹೋಗಲೇಬೇಕಿತ್ತು. ಮುರಿಯದ ಪ್ರೊಪೆಲ್ಲರ್ ಹಿಡಿದು ಯಾವ ಮುಖದಿಂದ ಹೋಗುವುದು? ತಪ್ಪಾಯಿತು ಎನ್ನಲು ನನಗೆ ಇನ್ನೂ ತಪ್ಪಾದಂತೆ ಅನ್ನಿಸಿರಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು. ಡ್ಯೂಟಿಯಿಂದ ಬರುವಾಗ ಅವರ ಅಂಗಡಿ ತಪ್ಪಿಸಲು ಸುತ್ತುದಾರಿ ಹಿಡಿದೆ. ರವಿವಾರಗಳಂದು ರೆಕ್ಕೆ ದುರಸ್ತಿ ಮಾಡುತ್ತ ಕೂತೆ. ಅಂಟು ಒಣಗುವವರೆಗೆ ಎರಡು ತುಂಡನ್ನು ಯಾರಾದರೂ ಹಿಡಿದುಕೊಂಡಿರಬೇಕು. ಹಿಡಿಯುವವರಿಲ್ಲದೆ ಗೋಡೆಗೆ ಒರಗಿಸಿ ಮೊಣಕಾಲಿನಿಂದ ಒತ್ತಿಕೊಂಡು ಕೂತಿರುತ್ತಿದ್ದೆ. ಎಷ್ಟೋ ಸಲ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ನಾನು ಬಾಯಿ ಬಿಟ್ಟು ಮಾತಾಡಿರುತ್ತಲೇ ಇರಲಿಲ್ಲ. ಒಮ್ಮೆ ಮೀಟರ್ ಓದುವವನು ಬಂದಾಗ ಅವನಿಗೆ ಪ್ರೊಪೆಲ್ಲರಿನ ತಿರುಚಿನ ಬಗ್ಗೆ ಇಪ್ಪತ್ತು ನಿಮಿಷ ವಿವರಿಸಿದೆ. ಮುಂದಿನ ತಿಂಗಳಿನಿಂದ ಅವನು ಹೊರಗಿನಿಂದಲೇ ಓದಿಕೊಂಡು ಹೋಗತೊಡಗಿದ.

ಈ ಸಲ ಕೊಯ್ಲು ಮುಗಿದ ಸುದ್ದಿ ಬಂದಾಗ ರೇಡಿಯೊ ಪೆಟ್ಟಿಗೆಯ ಧೂಳು ಒರೆಸುತ್ತಿದ್ದೆ. ಎಕ್ಸಿಲೇಟರಿನ ಸನ್ನೆಗೋಲಿನ ಪಕ್ಕದಲ್ಲಿ ಉಗುರಿನಷ್ಟು ಸಣ್ಣ ಇನ್ನೊಂದು ಸನ್ನೆಗೋಲು ಇರುತ್ತದೆ. ಎಂಜಿನ್ ಪೂರ್ತಿ ಇಳಿಸಿದಾಗಲೂ ಎಷ್ಟು ಓಡುತ್ತಿರಬೇಕು ಎಂದು ಹೊಂದಿಸುವುದು ಅದರ ಕೆಲಸ. ಹಲ್ಲುಚಕ್ರದಂತೆ ಒಂದೊಂದೇ ಹಲ್ಲು ಸರಿಯುವ ಅದು ಸೊನ್ನೆಯಲ್ಲಿರಬೇಕು. ಮೂರು ಹಲ್ಲು ಮೇಲಿತ್ತು.

ನಾನು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೂತೆ. ಎಂಜಿನ್ ನಿಂತು ಕೆಸರಿಗೆ ಬಿದ್ದ ಆ ವಾರ, ಇನ್ನು ಮುಂದೆ ಅದು ನಿಲ್ಲದಿರಲಿ ಎಂದು ಯಾರಿಗೂ ಹೇಳದೆ ನಾನೇ ಮೇಲೆ ಒತ್ತಿದ್ದೆ. ಮರೆತೂಬಿಟ್ಟಿದ್ದೆ. ಪೂರ್ತಿ ಇಳಿಸಿದ್ದೇನೆ ಎಂದು ನಾನು ಅಂದುಕೊಂಡಾಗಲೂ ಎಂಜಿನ್ ಎಳೆಯುತ್ತಲೇ ಇತ್ತು. ಮತ್ತೆ ಹೇಗೆ ನಿಧಾನವಾದೀತು? ಇಡೀ ಕಾರ್ಖಾನೆಯ ಸೊನ್ನೆಗಳನ್ನು ಇಪ್ಪತ್ತೆಂಟು ವರ್ಷ ನೋಡಿದವನು ತನ್ನ ಹೆಬ್ಬೆರಳಿನ ಕೆಳಗಿನ ಸೊನ್ನೆ ನೋಡಿರಲಿಲ್ಲ.

ಆದರೂ ನನ್ನ ಹಟ ನೋಡಿ, ಪರೀಕ್ಷೆ ಮಾಡದೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಬಾಡಿಗೆಯ ಸಣ್ಣ ಟೆಂಪೊದಲ್ಲಿ ಒಬ್ಬನೇ ಚಿಗಳ್ಳಿಗೆ ಹೋದೆ. ಅದೇ ಹತ್ತರ ಪ್ರೊಪೆಲ್ಲರ್, ಆ ಸಣ್ಣ ಸನ್ನೆಗೋಲು ಮಾತ್ರ ಈಗ ಸೊನ್ನೆಯಲ್ಲಿ. ಹಿಡಿದುಕೊಳ್ಳುವವರಿಲ್ಲವೆಂದು ವಿಮಾನದ ಬಾಲವನ್ನು ದನ ಕಟ್ಟುವ ಗೂಟಕ್ಕೆ ಹಗ್ಗದಿಂದ ಕಟ್ಟಿ ಎಂಜಿನ್ ಶುರು ಮಾಡಿದೆ. ಟೆಂಪೊದವನು ಸೀಟಿನ ಮೇಲೆ ಕಾಲು ಚಾಚಿ ಮಲಗಿದ. ಹಗ್ಗ ಬಿಚ್ಚಿ ಎಂಟು ನಿಮಿಷ ಹಾರಿಸಿದೆ. ಮೇಲೆ ಅದು ಬಹಳ ಚೆಂದ ಹಾಡುತ್ತಿತ್ತು, ಒಂದಿಷ್ಟೂ ಚೀರುತ್ತಿರಲಿಲ್ಲ. ಇಳಿಸಲು ತಿರುಗಿಸಿದೆ. ಗದ್ದೆಯ ನಡುಮಧ್ಯ ಖಾಲಿಯಿತ್ತು. ಕೂಗುವವರು ಇಲ್ಲದೆ ಯಾವತ್ತೂ ಇಳಿಸಿದವನಲ್ಲ. ಬೇರೆ ದಾರಿ ಕಾಣದೆ ನಾನೇ ಕೂಗತೊಡಗಿದೆ. "ತಲಿಮಟ್ಟ!" ದೂರದಲ್ಲಿ ಮೇಯುತ್ತಿದ್ದ ಎಮ್ಮೆಯೊಂದು ತಲೆ ಎತ್ತಿತು. "ಎದಿಮಟ್ಟ! ಮೊಣಕಾಲಮಟ್ಟ!" ಕೊನೆಗೆ ನನಗೆ ನಾನೇ ಬಹುವಚನ ಕೊಟ್ಟು "ಬಿಡ್ರಿ!" ಎಂದೆ.

ವಿಮಾನ ಬೆಣ್ಣೆಯ ಮೇಲೆ ಕೂತಂತೆ ಕೂತಿತು. ಮೂರೂ ಚಕ್ರ ಒಟ್ಟಿಗೆ. ಹತ್ತು ಮಾರು ಓಡಿ ನಿಂತಿತು. ನನ್ನ ಜನ್ಮದಲ್ಲಿ ಅಂಥ ಇಳಿಸುವಿಕೆ ಆಗಿಲ್ಲ. ನಾನು ಹಲ್ಲು ಕಿರಿಯುತ್ತ ಎಡಕ್ಕೆ ತಿರುಗಿದೆ. ಎಡಕ್ಕೆ ಯಾರೂ ಇರಲಿಲ್ಲ. ಎಮ್ಮೆ ಮತ್ತೆ ಮೇಯಲು ಶುರು ಮಾಡಿತ್ತು. ಓಡಿಹೋಗಿ ಟೆಂಪೊದವನನ್ನು ಎಬ್ಬಿಸಿ, "ಇಳಿಸಿದೆ! ಇಳಿಸಿದೆನೋ!" ಎಂದೆ. ಅವನು ಕಣ್ಣು ಉಜ್ಜಿಕೊಂಡು, "ಇಳಿಸದೇ ಮ್ಯಾಲೇ ಬಿಟ್ಟು ಹೋಗಾಕ ಬರ್ತೈತೇನ್ರಿ?" ಎಂದ. ಆ ಗದ್ದೆಯ ಬದುವಿನ ಮೇಲೆ ಕೂತಾಗ ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನೋಡುವವರೂ ಇರಲಿಲ್ಲ.

ಮಿಸ್ತ್ರಿಗೆ ಹೇಳಬೇಕಿತ್ತು. ಆದರೆ ಹೇಳಲು ಅಂಗಡಿಗೆ ಹೋಗಬೇಕು, ಹೋಗಲು ಮುರಿದ ಪ್ರೊಪೆಲ್ಲರ್ ಬೇಕು. ಇದು ಈಗ ಹೇಳುವಾಗ ಹುಚ್ಚುತನವೆನಿಸುತ್ತದೆ, ಅಲ್ಲಿ ಕೂತಾಗ ಇದಕ್ಕಿಂತ ಸರಳವಾದ ದಾರಿ ಕಾಣಲಿಲ್ಲ. ಪ್ರೊಪೆಲ್ಲರ್ ಬಿಚ್ಚಿ ಮೊಣಕಾಲಿಗೆ ಕೊಟ್ಟು ಒತ್ತಿದೆ, ಮುರಿಯಲಿಲ್ಲ. ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು ಬೂಟುಗಾಲಿನಿಂದ ತುಳಿದೆ. ಮೂರನೆಯ ಏಟಿಗೆ ಲಟಕ್ಕೆಂದಿತು. ಟೆಂಪೊದವನು ಈಗ ಪೂರ್ತಿ ಎಚ್ಚರವಾಗಿದ್ದ. ದಾರಿಯುದ್ದಕ್ಕೂ ನನ್ನಿಂದ ಸ್ವಲ್ಪ ಸರಿದೇ ಕೂತಿದ್ದ.

ಮರುದಿನ ಸಂಜೆ ಅಂಗಡಿಗೆ ಹೋದೆ. ಮಿಸ್ತ್ರಿ ಪಂಪ್‌ಸೆಟ್ಟು ಬಿಚ್ಚುತ್ತಿದ್ದರು. ಗಡ್ಡ ಇನ್ನಷ್ಟು ಬೆಳ್ಳಗಾಗಿತ್ತು. ಗೋಡೆಯ ಮೇಲೆ ಹನ್ನೊಂದೂ ಹಾಗೇ ಇದ್ದವು, ಒಂದರ ಮೇಲೂ ಧೂಳಿರಲಿಲ್ಲ.

"ಮುರೀತ್ರಿ," ಎಂದೆ.

"ಬರ್ರಿ, ಕುಂದರ್ರಿ," ಎಂದು ಸ್ಟೂಲು ಸರಿಸಿದರು. ಕೈ ಒರೆಸಿಕೊಂಡು ಪ್ರೊಪೆಲ್ಲರ್ ತೆಗೆದುಕೊಂಡು ಬೆಳಕಿಗೆ ಹಿಡಿದರು. ತುದಿ ನೋಡಿದರು. ಬೆರಳಿನಿಂದ ಸವರಿ ಮೂಸಿಯೂ ನೋಡಿದರು. "ಎರಡೂ ತುದಿ ಚಲೋ ಅದಾವ. ಮಣ್ಣು ಹತ್ತಿಲ್ಲ. ನಡುವ ಮುರದೈತಿ." ಇನ್ನೊಮ್ಮೆ ತಿರುಗಿಸಿದರು. "ಇಲ್ಲಿ ಬೂಟಿನ ಗುರುತು ಐತಿ, ಪಾಟೀಲ್ರ."

ನಾನು ಗೋಡೆ ನೋಡಿದೆ.

"ಇಳಿಸಿದ್ದು ಭಾಳ ಚಲೋ ಇಳಿಸೀರಿ ಅನಸ್ತೈತಿ," ಎಂದರು. "ಮುರಿಯೂದೊಂದ ಬರೂದಿಲ್ಲ ನಿಮಗ."

ಆಗ ಎಲ್ಲವನ್ನೂ ಹೇಳಿದೆ. ಮೂರು ಹಲ್ಲಿನ ವಿಷಯ, ನನ್ನ ಸೊನ್ನೆಯ ವಿಷಯ, ಹತ್ತರ ಪ್ರೊಪೆಲ್ಲರೇ ಸರಿ ಎಂಬ ವಿಷಯ. ತಪ್ಪಾಯಿತು ಎಂದೂ ಹೇಳಿದೆ. ಅವರು ಎರಡು ಚಹಾಕ್ಕೆ ಕೈಸನ್ನೆ ಮಾಡುತ್ತ, "ಅವತ್ತ ಗೊತ್ತಿತ್ರಿ ನನಗ. ಇಳಿಯುವಾಗ ಎಂಜಿನ್ ಆವಾಜ್ ಕೇಳಿದ್ನಲ್ಲ," ಎಂದರು.

"ಮತ್ತ ಯಾಕ ಹೇಳಲಿಲ್ಲ?"

"ಮರ ಕೊಯ್ಯೂ ಮಷಿನ್ ರಿಪೇರಿ ಮಾಡೂ ಕೈ ಇದು. ವಿಮಾನದ್ದೇನ ತಿಳೀತೈತ್ರಿ?"

ಚಹಾ ಬಂತು. ಅವರು ಎದ್ದು ಹನ್ನೆರಡನೆಯ ಮೊಳೆ ಹೊಡೆದು ಅದನ್ನು ನೇತುಹಾಕಿದರು, ಬೂಟಿನ ಗುರುತು ಕಾಣುವ ಹಾಗೆ. "ರವಿವಾರ ಹೋಗೂಣು," ಎಂದರು. "ವ್ಯಾನ್ ತರ್ತೇನಿ. ಪಂಖಾ ಯಾವುದು ಹಾಕೂಣು?"

ಪಂಖಾ ಇರಲಿಲ್ಲ. ಇದ್ದ ಒಂದೇ ಒಂದು ಪ್ರೊಪೆಲ್ಲರನ್ನು ನಾನು ಮೂರು ಏಟಿಗೆ ಮುರಿದಿದ್ದೆ. ಹೊಸದು ತರಿಸಿದ್ದೇನೆ, ಹತ್ತರದೇ. ಇನ್ನೂ ಬಂದಿಲ್ಲ. ಬರುವವರೆಗೆ ಏನೂ ಕೆಲಸವಿಲ್ಲದೆ, ಕೈಯಲ್ಲಿ ಏನೂ ಹಿಡಿದುಕೊಳ್ಳದೆ, ದಿನಾ ಸಂಜೆ ಹೋಗಿ ಆ ಸ್ಟೂಲಿನ ಮೇಲೆ ಕೂಡುತ್ತಿದ್ದೇನೆ. ಏನನ್ನೂ ಮುರಿಯದೆ ಹೋದರೂ ಅಲ್ಲಿ ಚಹಾ ಕೊಡುತ್ತಾರೆ ಎಂದು ನನಗೆ ತಿಳಿದದ್ದು ಹನ್ನೆರಡು ಪ್ರೊಪೆಲ್ಲರ್ ಮುರಿದ ಮೇಲೆ.