ಎರಡು ಸೀಟಿಯ ಸಿಟ್ಟು

ನನಗೆ ಸಿಟ್ಟು ಹೆಚ್ಚು ಎಂದು ನಾನು ಯಾವತ್ತೂ ಒಪ್ಪಿಕೊಂಡವಳಲ್ಲ. ದನಿ ಸ್ವಲ್ಪ ದೊಡ್ಡದು, ಅಷ್ಟೇ ಎನ್ನುತ್ತಿದ್ದೆ. ಸಿಟ್ಟಿನವರೆಲ್ಲ ಹೀಗೆ ತಮ್ಮ ಸಿಟ್ಟಿಗೆ ಒಂದೊಂದು ಮರ್ಯಾದಸ್ಥ ಹೆಸರು ಹುಡುಕಿಕೊಂಡಿರುತ್ತಾರೆ ಎಂದು ಈಚೆಗೆ ತಿಳಿಯಿತು. ಒಬ್ಬರು ತಮ್ಮದು ನೇರ ನುಡಿ ಎನ್ನುತ್ತಾರೆ, ಇನ್ನೊಬ್ಬರು ಶಿಸ್ತು ಎನ್ನುತ್ತಾರೆ, ಐವತ್ತು ದಾಟಿದವರು ಬಿ.ಪಿ. ಎನ್ನುತ್ತಾರೆ. ಕೋಪಿಷ್ಠರು ಎಂಬ ಮಾತನ್ನು ಮಾತ್ರ ಬೇರೆಯವರಿಗೆಂದು ಜೋಪಾನವಾಗಿ ಎತ್ತಿಟ್ಟಿರುತ್ತೇವೆ. ನಾನು ಅದನ್ನು ಎತ್ತಿಟ್ಟಿದ್ದು ನಮ್ಮ ಅತ್ತೆಯವರಿಗೆ. ವಿಜಯಪುರದಿಂದ ಬಂದು ಪುಣೆಯ ಸದಾಶಿವ ಪೇಠದ ನಮ್ಮ ಎರಡು ಕೋಣೆಯ ಮನೆಯಲ್ಲಿ ನೆಲೆಸಿದ ಅವರಿಗೂ ನನಗೂ ದಿನಾ ಬೆಳಿಗ್ಗೆ ಕುಕ್ಕರಿನ ವಿಷಯದಲ್ಲಿ ಜಗಳ. ಬೇಳೆಗೆ ಎರಡು ಸೀಟಿ ಸಾಕೆಂದು ಅವರು, ನಾಲ್ಕು ಬೇಕೇ ಬೇಕೆಂದು ನಾನು. ಅವರು ಗ್ಯಾಸ್ ಆರಿಸುತ್ತಾರೆ, ನಾನು ಮತ್ತೆ ಹಚ್ಚುತ್ತೇನೆ. ನಮ್ಮ ಯಜಮಾನರು ಸರಿಯಾಗಿ ಆ ಹೊತ್ತಿಗೇ ಸ್ನಾನಕ್ಕೆ ಹೋಗುತ್ತಾರೆ ಮತ್ತು ಜಗಳ ಮುಗಿದ ಮೇಲೆಯೇ ಹೊರಗೆ ಬರುತ್ತಾರೆ. ಇಡೀ ಪುಣೆಯಲ್ಲಿ ಅವರಷ್ಟು ಶುಭ್ರವಾದ ಗಂಡಸರು ಇರಲಾರರು.

ನಾನು ಕೆಲಸ ಮಾಡುವುದು ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ. ಈರುಳ್ಳಿ, ಬೆಲ್ಲ, ಒಣಮೆಣಸಿನಕಾಯಿ ತುಂಬಿದ ಲಾರಿಗಳು ಹೊರಟವೋ ಇಲ್ಲವೋ, ಹೊರಟಿದ್ದರೆ ಎಲ್ಲಿ ನಿಂತಿವೆ, ಯಾಕೆ ನಿಂತಿವೆ ಎಂದು ಫೋನಿನಲ್ಲಿ ವಿಚಾರಿಸುತ್ತಿರಬೇಕು. ವಿಚಾರಿಸುವುದು ಎನ್ನುವುದು ನನ್ನ ಮಾತು. ನಾನು ಫೋನ್ ಕೆಳಗಿಟ್ಟು ಮಾತಾಡಿದರೂ ಸೊಲ್ಲಾಪುರಕ್ಕೆ ಕೇಳಿಸುತ್ತದೆ ಎನ್ನುವುದು ಪಕ್ಕದ ಬೆಲ್ಲದ ಅಂಗಡಿಯವರ ಮಾತು. ಅಲ್ಲಿ ಮೆಲ್ಲಗೆ ಮಾತಾಡಿದರೆ ನಡೆಯುವುದೂ ಇಲ್ಲ. ಹೊರಗೆ ಹಮಾಲರ ಕೂಗು, ಟೆಂಪೋಗಳ ಹಾರ್ನು, ಮೆಣಸಿನಕಾಯಿ ಘಾಟಿಗೆ ಎಲ್ಲರ ಸೀನು. ಈ ಗದ್ದಲದ ನಡುವೆ ಒಂದು ಗಾಜಿನ ಕ್ಯಾಬಿನ್ ಇದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ತಣ್ಣನೆಯ ಎ.ಸಿ., ತಿರುಗುವ ಕುರ್ಚಿ, ಸೀನೇ ಇಲ್ಲ. ಅದು ಮ್ಯಾನೇಜರರ ಜಾಗ. ಅವರು ದೀಪಾವಳಿಗೆ ನಿವೃತ್ತರಾಗುವವರಿದ್ದರು. ಆಮೇಲೆ ಆ ಕುರ್ಚಿ ನನ್ನದೇ ಎಂದು ಎಲ್ಲರೂ ಹೇಳುತ್ತಿದ್ದರು. ನಾನಂತೂ ಅದರ ಬೆನ್ನಿಗೆ ಹಾಕುವ ಟವೆಲ್ಲಿನ ಬಣ್ಣವನ್ನೂ ಗೊತ್ತುಮಾಡಿಕೊಂಡಿದ್ದೆ.

ಅಷ್ಟರಲ್ಲಿ ಮಾಲೀಕರ ಮಗ ಎಂ.ಬಿ.ಎ. ಮುಗಿಸಿಕೊಂಡು ಬಂದು ಆಫೀಸಿನಲ್ಲಿ ಕುಳಿತರು. ಅವರಿಗೆ ನನ್ನ ಕೆಲಸ ಬಹಳ ಮೆಚ್ಚುಗೆಯಾಯಿತಂತೆ, ದನಿ ಮಾತ್ರ ಆಗಲಿಲ್ಲವಂತೆ. ಮ್ಯಾನೇಜರ್ ಆಗುವವರಿಗೆ ಎಮೋಷನಲ್ ಇಂಟೆಲಿಜೆನ್ಸ್ ಇರಬೇಕು, ಅಂದರೆ ಸಿಟ್ಟು ಬಂದಾಗ ಅದು ಬಂದಿದೆ ಎಂದು ತಮಗೆ ಮೊದಲು ಗೊತ್ತಾಗಬೇಕು, ಉಳಿದವರಿಗೆ ಆಮೇಲೆ, ಎಂದು ವಿವರಿಸಿದರು. ನನ್ನ ವಿಷಯದಲ್ಲಿ ಮೊದಲು ಗೊತ್ತಾಗುತ್ತಿದ್ದುದು ಬೆಲ್ಲದ ಅಂಗಡಿಯವರಿಗೆ. ಹಾಗಾಗಿ ಕಂಪನಿಯ ಖರ್ಚಿನಲ್ಲಿ ನನಗೊಬ್ಬರು ಕೋಚ್ ಗೊತ್ತಾದರು. ಮೃಣಾಲ್ ಮೇಡಂ ಎಂದು ಹೆಸರು. ಪ್ರತಿ ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಕ್ಲಾಸು. ಕೊನೆಯಲ್ಲಿ ಅವರು ಬರೆದುಕೊಡುವ ವರದಿ ಚೆನ್ನಾಗಿದ್ದರೆ ಕ್ಯಾಬಿನ್, ಇಲ್ಲದಿದ್ದರೆ ಮೆಣಸಿನಕಾಯಿ ಘಾಟು. ಇದನ್ನು ಕೇಳಿದಾಗ ನನಗೆ ಕೆಟ್ಟ ಸಿಟ್ಟು ಬಂತು, ಆದರೆ ಮೊದಲ ಸಲ ಅದನ್ನು ಯಾರಿಗೂ ತಿಳಿಸಲಿಲ್ಲ.

ಕ್ಲಾಸಿನಲ್ಲಿ ನಾನೊಬ್ಬಳೇ ವಿದ್ಯಾರ್ಥಿನಿ ಎಂದು ಮೇಡಂ ತಿಳಿದಿದ್ದರು. ಅದು ನಿಜವಲ್ಲ. ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಮೆಂತ್ಯೆ ಸೊಪ್ಪು ಸೋಸುತ್ತ ನಮ್ಮ ಅತ್ತೆ ಕುಳಿತಿರುತ್ತಿದ್ದರು. ಇಷ್ಟು ವರ್ಷ ಪುಣೆಯಲ್ಲಿದ್ದು ಅವರಿಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ. ಮೇಡಂ ಹಿಂದೆ ಮುಂದೆ ಇಂಗ್ಲಿಷ್ ಸೇರಿಸಿದಾಗ ಅತ್ತೆ ನನ್ನ ಮೊಣಕೈ ತಿವಿದು ಅರ್ಥ ಕೇಳುತ್ತಿದ್ದರು. ಮೇಡಮ್ಮಿನ ದನಿ ಎಷ್ಟು ಮೃದುವೆಂದರೆ ಅತ್ತೆ ನಡುನಡುವೆ ತೂಕಡಿಸುತ್ತಿದ್ದರು ಕೂಡ. ಮೊದಲ ಪಾಠ, ಸಿಟ್ಟು ಬಂದಾಗ ಮಣಿಕಟ್ಟಿನ ಮೇಲೆ ಒಂದು ಗುಂಡಿ ಇದೆ ಎಂದುಕೊಂಡು ಅದನ್ನು ಹೆಬ್ಬೆಟ್ಟಿನಿಂದ ಒತ್ತಬೇಕು. ಎರಡನೆಯದು, ಬಣ್ಣಬಣ್ಣದ ಚಕ್ರದಲ್ಲಿ ಬರೆದ ಭಾವನೆಗಳಲ್ಲಿ ನಮ್ಮದು ಯಾವುದೆಂದು ಹುಡುಕಿ ಹೆಸರು ಹೇಳಬೇಕು. ಮೂರನೆಯದು ಬಹಳ ಕಠಿಣ: ಎದುರಿನವರ ಮೇಲೆ ಹರಿಹಾಯುವ ಬದಲು, ನಿಮಗೆ ಹೇಗಾಗುತ್ತಿದೆ ಎಂದು ನಾನು ಬಲ್ಲೆ ಎಂದು ಶಾಂತವಾಗಿ ಹೇಳಬೇಕು. ಚಕ್ರವನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದೆ. ಅತ್ತೆ ಅದನ್ನು ನೋಡಿ, ಪಂಚಾಂಗದಂಗ ಅದ ಎಂದರು.

ಈ ಊರಿನವರಿಗೆ ಇಂಥ ಕ್ಲಾಸೇ ಬೇಡವೇನೋ ಎಂದು ನನಗೆ ಅನ್ನಿಸುವುದುಂಟು. ನಮ್ಮ ಕಟ್ಟಡದಲ್ಲಿ ಯಾರೂ ಕೂಗಾಡುವುದಿಲ್ಲ. ಸಿಟ್ಟು ಬಂದರೆ ಬೋರ್ಡು ಬರೆಸುತ್ತಾರೆ. ಮೆಟ್ಟಿಲ ಹತ್ತಿರ ಒಂದಿದೆ: ಇಲ್ಲಿ ಸ್ಕೂಟರ್ ನಿಲ್ಲಿಸುವವರು ಓದು ಬಲ್ಲವರಾಗಿದ್ದರೆ ಇದನ್ನು ಓದಬೇಕಾಗಿ ವಿನಂತಿ. ಎರಡನೇ ಮಹಡಿಯ ಬಾಗಿಲ ಮೇಲೆ ಇನ್ನೊಂದು: ಬೆಲ್ ಒಂದೇ ಸಲ ಒತ್ತಿರಿ, ನಾವು ವಯಸ್ಸಾದವರು, ಕಿವುಡರಲ್ಲ. ಬರೆಸಿದವರ ಸಿಟ್ಟು ಯಾವಾಗಲೋ ಇಳಿದಿದೆ, ಬೋರ್ಡು ಮಾತ್ರ ಮಳೆ ಬಿಸಿಲು ತಿನ್ನುತ್ತ ಹಾಗೇ ಇದೆ. ನಮ್ಮ ಕಡೆಯದು ಹಾಗಲ್ಲ. ಚಹಾ ಆರುವುದರೊಳಗೆ ಬೈದು ಮುಗಿಸಿ ಅದೇ ಚಹಾ ಕುಡಿಯುತ್ತೇವೆ. ಯಾವುದು ಬುದ್ಧಿವಂತಿಕೆ ಎಂದು ಮೇಡಮ್ಮನ್ನೇ ಕೇಳಬೇಕೆಂದಿದ್ದೆ, ವರದಿಯ ನೆನಪಾಗಿ ಸುಮ್ಮನಾದೆ.

ಕಲಿತದ್ದನ್ನು ಮೊದಲು ಆಫೀಸಿನಲ್ಲಿ ಪ್ರಯೋಗಿಸಿದೆ. ನಮ್ಮ ಹಳೆಯ ಡ್ರೈವರ್ ಮಲ್ಲಪ್ಪ ಟೊಮೆಟೊ ಲಾರಿಯನ್ನು ಧಾಬಾದ ಮುಂದೆ ನಿಲ್ಲಿಸಿ ನಿದ್ದೆ ಹೊಡೆಯುತ್ತಿದ್ದ. ಮಾಮೂಲಿಯಾಗಿ ನನ್ನ ಒಂದು ಫೋನಿಗೆ ಅವನು ಎದ್ದು, ಬನಿಯನ್ನಿನಲ್ಲೇ ಗಾಡಿ ಹೊರಡಿಸುವವನು. ಅವತ್ತು ನಾನು ಮಣಿಕಟ್ಟು ಒತ್ತಿಕೊಂಡು, ನಿಮಗೆ ದಣಿವಾಗಿದೆ ಎಂದು ನಾನು ಬಲ್ಲೆ, ಟೊಮೆಟೊ ಕೆಡುತ್ತದೆ ಎಂದು ನನಗೆ ಆತಂಕವಾಗುತ್ತಿದೆ ಎಂದು ಮೆಲ್ಲಗೆ ಹೇಳಿದೆ. ಮಲ್ಲಪ್ಪ ಗಾಬರಿಯಿಂದ, "ಅಕ್ಕಾರ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ಕೇಳಿದ. ನನಗೇನೋ ದೊಡ್ಡ ಕಾಯಿಲೆ ಬಂದಿದೆ ಎಂದು ಸಂಜೆಯೊಳಗೆ ಎಲ್ಲ ಡ್ರೈವರುಗಳಿಗೂ ಸುದ್ದಿ ಮುಟ್ಟಿತ್ತು. ಮರುದಿನದಿಂದ ಲಾರಿಗಳು ಹೇಳಿದ ಹೊತ್ತಿಗಿಂತ ಮುಂಚೆಯೇ ಊರು ಸೇರತೊಡಗಿದವು. ಪಾಠದ ಫಲವೆಂದು ಮಾಲೀಕರ ಮಗ ಮೆಚ್ಚಿದರು. ಕಾಯಿಲೆಯ ಫಲವೆಂದು ನಾನು ಹೇಳಲಿಲ್ಲ.

ತೊಂದರೆ ಬಂದದ್ದು ಮನೆಯಲ್ಲಿ. ಅಲ್ಲಿ ನನಗಿಂತ ಮೊದಲೇ ಇನ್ನೊಬ್ಬರು ಪಾಠ ಕಲಿತುಬಿಟ್ಟಿದ್ದರು. ಒಂದು ಬೆಳಿಗ್ಗೆ ಎರಡನೇ ಸೀಟಿಗೆ ಅತ್ತೆ ಗ್ಯಾಸ್ ಆರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ, ತಮ್ಮ ಮಣಿಕಟ್ಟನ್ನು ಹೆಬ್ಬೆಟ್ಟಿನಿಂದ ಒತ್ತಿಕೊಂಡು, ಮೇಡಮ್ಮಿನದೇ ಧಾಟಿಯಲ್ಲಿ, "ಶೈಲಾ, ನಿನಗ ಸಿಟ್ಟ ಬಂದಂಗ ಕಾಣಸ್ತದ. ನಿನಗ ಹೆಂಗ ಆಗ್ಲಿಕತ್ತದ ಅಂತ ನನಗ ತಿಳೀತದ" ಎಂದರು. ಬೈದರೆ ಬೈಯಬಹುದು. ತಿಳಿದುಕೊಂಡರೆ ಏನು ಮಾಡುವುದು? ಎರಡೇ ಸೀಟಿಗೆ ಕುಕ್ಕರನ್ನು ಕೆಳಗಿಳಿಸಿದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಫ್ರಿಜ್ಜಿನ ಹತ್ತಿರ ಕರೆದು, ಚಕ್ರದ ಕೆಂಪು ಭಾಗವನ್ನು ತೋರಿಸಿ, ನೀ ಇಲ್ಲಿ ಇದ್ದೀಯಾ ಅಥವಾ ಇಲ್ಲಿಯೋ ಎಂದು ವಿಚಾರಿಸಿದರು. ಆಮೇಲೆ ದಿನವೂ ಇದೇ ಆಯಿತು. ಉಪ್ಪು, ಟಿ.ವಿ.ಯ ಸದ್ದು, ಒಗೆದ ಬಟ್ಟೆ ಒಣಹಾಕುವ ಹಗ್ಗ, ಯಾವುದರಲ್ಲೂ ಅವರೇ ಗೆದ್ದರು. ಎರಡು ಸೀಟಿಯ ಬೇಳೆಯನ್ನು ನಾನು ವಾರಗಟ್ಟಲೆ ಮೂಗು ಮುರಿಯುತ್ತ ಉಂಡೆ. ಮನೆಯಲ್ಲಿ ದನಿಯೇ ಏಳುತ್ತಿರಲಿಲ್ಲವಾದ್ದರಿಂದ ಯಾವಾಗ ಹೊರಗೆ ಬರಬೇಕೆಂದು ತಿಳಿಯದೆ ಯಜಮಾನರು ಬಚ್ಚಲಮನೆಯಲ್ಲಿ ಇನ್ನಷ್ಟು ಹೊತ್ತು ಇರತೊಡಗಿದರು.

ಹೀಗಿರುವಾಗ ಮೇಡಂ ಕೊನೆಯ ಪರೀಕ್ಷೆಯ ವಿಷಯ ತಿಳಿಸಿದರು. ವರದಿ ಬರೆಯುವ ಮೊದಲು ಮನೆಯವರೊಬ್ಬರ ಹತ್ತಿರ ತಾವೇ ಮಾತಾಡಿ, ನನ್ನ ಸಿಟ್ಟು ಇಳಿದಿದೆಯೇ ಎಂದು ಕೇಳುತ್ತಾರಂತೆ. ಯಾರೆಂದು ಅವರೇ ಆರಿಸಿದರು: ಮನೆಯ ಹಿರಿಯರು. ಆ ವಾರವೆಲ್ಲ ನಾನು ಅತ್ತೆಗೆ ಮಾಡಿದ ಸೇವೆಯನ್ನು ಮದುವೆಯಾದ ಹೊಸದರಲ್ಲೂ ಮಾಡಿರಲಿಲ್ಲ. ಅವರಿಗಿಷ್ಟವಾದ ಶೇಂಗಾ ಹೋಳಿಗೆ ಮಾಡಿದೆ, ಕಾಲಿಗೆ ಎಣ್ಣೆ ತಿಕ್ಕಿದೆ, ಧಾರಾವಾಹಿಯ ಕಥೆಯನ್ನು ನಾನೇ ಆಸಕ್ತಿಯಿಂದ ಕೇಳಿದೆ. ಭಾಳ ಶಾಂತ ಆಗ್ಯಾಳ ಎಂದಷ್ಟೇ ಹೇಳಿ, ಬೇರೇನೂ ಬೇಡ ಎಂದು ಬೇಡಿಕೊಂಡೆ. ಕ್ಯಾಬಿನ್, ಎ.ಸಿ., ಟವೆಲ್ ಎಲ್ಲವನ್ನೂ ವಿವರಿಸಿದೆ. ಅವರು ಹೋಳಿಗೆ ತಿನ್ನುತ್ತ, ನೋಡೂಣಂತ ಎಂದರು.

ಆ ಶನಿವಾರ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತರು. ನಾನು ಅಲ್ಲಿರಕೂಡದೆಂಬುದು ನಿಯಮ. ಅಡುಗೆಮನೆಯ ಬಾಗಿಲ ಹಿಂದೆ ಇರಬಾರದೆಂದು ಯಾರೂ ಹೇಳಿರಲಿಲ್ಲ. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಮರಾಠಿಯಲ್ಲಿ ಅತ್ತೆ ನನ್ನನ್ನು ಹೊಗಳಿದ ರೀತಿಗೆ, ಈ ಸೊಸೆ ಯಾರಿರಬಹುದು ಎಂದು ನನಗೇ ಕುತೂಹಲವಾಯಿತು. ಮೇಡಂ ಕೂಡ ಸಂತೋಷಪಟ್ಟು, ಬಹಳ ಕನಿಕರದಿಂದ ಅತ್ತೆಯನ್ನು ಆಜಿ, ಅಂದರೆ ಅಜ್ಜಿ, ಎಂದು ಕರೆದು, ಅಂಥ ಸಿಟ್ಟಿನ ಸೊಸೆಯ ಜೊತೆ ಇಷ್ಟು ವರ್ಷ ಹೇಗೆ ಕಳೆದಿರಿ, ನಿಮಗೆ ಹೆದರಿಕೆಯಾಗುತ್ತಿರಲಿಲ್ಲವೇ ಎಂದು ಕೇಳಿಬಿಟ್ಟರು.

ಅತ್ತೆಯ ಮರಾಠಿ ಅಲ್ಲಿಗೆ ಮುಗಿಯಿತು. "ಏನಂದ್ರಿ? ಹೆದರಿಕಿ? ಮುಂಜಾನಿ ಅಡಗಿ ಮಾಡಿ ಇಟ್ಟು, ದಿನಾಲೂ ಮೆಣಸಿನಕಾಯಿ ಘಾಟಿನ್ಯಾಗ ನಿಂತು ದುಡ್ಯೂ ಹೆಣ್ಣಮಗಳು ಆಕಿ. ನಮ್ಮ ಸೊಸಿಗೆ ಸಿಟ್ಟ ಅದ ಅಂತ ಅನ್ಲಿಕ್ಕೆ ನಾ ಇದೀನಿ. ನೀವ್ಯಾರ್ರಿ?" ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ. ಎರಡನೇ ಮಹಡಿಯವರು, ಕಿವುಡರಲ್ಲವಲ್ಲ, ಕಿಟಕಿ ಮುಚ್ಚಿಕೊಂಡ ಸದ್ದು ಕೇಳಿಸಿತು. ಅತ್ತೆ ಲ್ಯಾಪ್‌ಟಾಪನ್ನು ಪುಸ್ತಕದ ಹಾಗೆ ಪಟ್ಟನೆ ಮುಚ್ಚಿ ಒಳಗೆ ಬಂದು, ಭಾಳ ಶಾಂತ ಆಗ್ಯಾಳ ಅಂತನೂ ಹೇಳೀನಿ ಎಂದರು. ಬಾಗಿಲ ಹಿಂದೆ ನನಗೆ ಕಣ್ಣು ತುಂಬಿ ಬಂದಿತ್ತು. ಕ್ಯಾಬಿನ್ ಹೋಯಿತೆಂದು ಅರ್ಧ, ಇನ್ನರ್ಧ ಯಾಕೆಂದು ಅತ್ತೆಗೆ ತಿಳಿಯಬಾರದೆಂದು ಈರುಳ್ಳಿ ಹೆಚ್ಚುತ್ತ ನಿಂತೆ.

ಆದರೆ ಕ್ಯಾಬಿನ್ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ, ಕುಕ್ಕರ್ ಇಟ್ಟ ಹೊತ್ತಿಗೆ ಮೇಡಮ್ಮಿನ ಫೋನ್ ಬಂತು. ಆಜಿ ಕನ್ನಡದಲ್ಲಿ ಆಡಿದ ಮಾತು ತಮಗೆ ಒಂದೂ ತಿಳಿಯಲಿಲ್ಲ, ಭಾವನೆ ಮಾತ್ರ ಪೂರ್ತಿ ತಿಳಿಯಿತು ಎಂದರು. ಸಿಟ್ಟಿನ ಮೂಲ ಎಲ್ಲಿದೆ ಎಂದು ಈಗ ಗೊತ್ತಾಯಿತು, ಇಂಥವರ ಜೊತೆ ಒಂದೇ ಮನೆಯಲ್ಲಿದ್ದೂ ನೀವು ಇಷ್ಟು ತಾಳ್ಮೆಯಿಂದಿರುವುದು ದೊಡ್ಡ ಮಾತು, ವರದಿಯಲ್ಲಿ ಹಾಗೆಂದೇ ಬರೆಯುತ್ತೇನೆ, ಕ್ಯಾಬಿನ್ ನಿಮ್ಮದೇ ಎಂದರು. ಕೇಳುತ್ತಿದ್ದ ಹಾಗೇ ನನಗೆ ಎ.ಸಿ.ಯ ತಂಪು ಮುಖಕ್ಕೆ ತಾಗಿತು. ಥ್ಯಾಂಕ್ಯೂ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವರು, ಅಂಥ ಸ್ವಭಾವದವರನ್ನು ಸ್ವಲ್ಪ ದೂರ ಇಡುವುದು ಒಳ್ಳೆಯದು, ಆಜಿಯನ್ನು ಕೆಲವು ದಿನ ಊರಿಗೆ ಕಳಿಸಿಬಿಡಿ ಎಂದು ಸೇರಿಸಿದರು.

ನಾನು ಗುಂಡಿ ಒತ್ತಿದೆ. ಆಣೆ ಮಾಡಿ ಹೇಳುತ್ತೇನೆ, ಮಣಿಕಟ್ಟು ಕೆಂಪಾಗುವ ಹಾಗೆ ಒತ್ತಿದೆ. ಅದು ಕೆಲಸ ಮಾಡಲಿಲ್ಲ. "ಯಾರನ್ನ ಕಳಸ್ತೀರಿ? ನಮ್ಮ ಅತ್ಯಾರಿಗೆ ಸಿಟ್ಟ ಅದ ಅಂತ ಅನ್ಲಿಕ್ಕೆ ನಾ ಇದೀನಿ. ನೀವ್ಯಾರ್ರಿ?" ಎಂದು ಶುರುವಾದದ್ದು ಎಲ್ಲಿಗೆ ಹೋಗಿ ನಿಂತಿತೋ ನನಗೆ ನೆನಪಿಲ್ಲ. ಮೇಡಮ್ಮಿಗೆ ಈ ಸಲವೂ ಮಾತು ತಿಳಿದಿರಲಾರದು, ಭಾವನೆ ತಿಳಿದಿರಬೇಕು. ಬಹಳ ಮೃದುವಾಗಿ, ವರದಿಯನ್ನು ಸ್ವಲ್ಪ ತಿದ್ದಬೇಕಾಗುತ್ತದೆ ಎಂದು ಫೋನ್ ಇಟ್ಟರು. ತಿದ್ದಿದರು ಕೂಡ. ಹಳೆಯ ಮ್ಯಾನೇಜರರನ್ನೇ ಯುಗಾದಿಯವರೆಗೆ ಮುಂದುವರಿಸಿದ್ದಾರೆ, ನನ್ನನ್ನು ಮತ್ತೆ ಮೊದಲ ಪಾಠದಿಂದ ಕ್ಲಾಸಿಗೆ ಹಾಕಿದ್ದಾರೆ, ಇಷ್ಟು ಹೊತ್ತಿಗೆ ಮಲ್ಲಪ್ಪನಿಗೂ ನಾನು ಗುಣವಾದ ಸುದ್ದಿ ಮುಟ್ಟಿ, ಅವನು ನೆಮ್ಮದಿಯಿಂದ ಮತ್ತೆ ಧಾಬಾದಲ್ಲಿ ಮಲಗತೊಡಗಿದ್ದಾನೆ.

ಆದರೆ ಆ ಬೆಳಿಗ್ಗೆ ಎಂದರೆ ನನಗೆ ನೆನಪಾಗುವುದು ಕ್ಯಾಬಿನ್ ಅಲ್ಲ. ನಾನು ಫೋನ್ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದಾಗ ಬಚ್ಚಲಮನೆಯ ಬಾಗಿಲು ಅರ್ಧ ತೆರೆಯಿತು. ಸೋಪು ಹಚ್ಚಿಕೊಂಡ ಮುಖ ಹೊರಗೆ ಹಾಕಿ, ಕಣ್ಣು ಮುಚ್ಚಿಕೊಂಡೇ ಯಜಮಾನರು, "ಅವ್ವಾ, ಮುಂಜಮುಂಜಾನೆ ಯಾರ ಮ್ಯಾಲ ಒದರ್ಲಿಕತ್ತೀ?" ಎಂದು ಕೇಳಿದರು.

ಅತ್ತೆ ಮೆಂತ್ಯೆ ಸೊಪ್ಪಿನ ಬುಟ್ಟಿಯಿಂದ ತಲೆಯೆತ್ತಿದರು. "ನಾ ಅಲ್ಲಪಾ, ನಾ ಇಲ್ಲೇ ಸುಮ್ಮ ಕೂತೀನಿ. ಆಕಿ ಶೈಲಾ" ಎಂದರು. ಅವರ ಮುಖದಲ್ಲಿ ಅಷ್ಟೊಂದು ಅಭಿಮಾನವನ್ನು ನಾನು ಅವರ ಮಗನಿಗೆ ನೌಕರಿ ಸಿಕ್ಕ ದಿನವೂ ಕಂಡಿರಲಿಲ್ಲ. ಎದ್ದು ಹೋಗಿ, ಎರಡನೇ ಸೀಟಿಗೆ ಸರಿಯಾಗಿ ಗ್ಯಾಸ್ ಆರಿಸಿದರು. ನಾನು ಆ ದಿನ ಮತ್ತೆ ಹಚ್ಚಲಿಲ್ಲ, ಮೂಗನ್ನೂ ಮುರಿಯಲಿಲ್ಲ. ಊಟಕ್ಕೆ ಕುಳಿತಾಗ ಬೆರಳಲ್ಲಿ ಒತ್ತಿ ನೋಡಿದೆ. ಬೇಳೆ ಬೆಣ್ಣೆಯಂತೆ ಬೆಂದಿತ್ತು. ಅದನ್ನು ಮಾತ್ರ ಅವರಿಗೆ ಇನ್ನೂ ಹೇಳಿಲ್ಲ.